ಬೈಂಡು ಹಾಕಿದ ಹತ್ತೊಂಬತ್ತು ಪಾಸ್‌ಪೋರ್ಟು

2025ರ ಜುಲೈ 14, ಸೋಮವಾರ. ಬೆಳಿಗ್ಗೆ 8.40ಕ್ಕೆ ಮಲೇಷ್ಯಾದ ನಿಲಾಯ್ ಪೊಲೀಸ್ ಠಾಣೆಗೆ ಗೋಪಿನಾಥ ಎಂಬಾತ ದೂರು ಹಿಡಿದು ಬಂದ. ಊರ ಹೊರಗಿನ ಗುಡ್ಡದ ಮೇಲಿರುವ ಮಾವಾರ್ ಹಿಲ್ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ನೆಲ ಒರೆಸುವುದರಿಂದ ಹಿಡಿದು ಈಜುಕೊಳ ತೊಳೆಯುವವರೆಗಿನ ಕೆಲಸದ ಗುತ್ತಿಗೆ ಆತನದು. ಕೈಕೆಳಗೆ ಹತ್ತೊಂಬತ್ತು ಕೆಲಸಗಾರರು, ಎಲ್ಲರೂ ನೇಪಾಳ ಮತ್ತು ಬಾಂಗ್ಲಾದೇಶದವರು. ಅವರ ಪಾಸ್‌ಪೋರ್ಟುಗಳನ್ನು ಶಾಲೆಯ ಆಫೀಸಿನ ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದನಂತೆ. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆಗೆದರೆ ಹತ್ತೊಂಬತ್ತರಲ್ಲಿ ಒಂದೂ ಇಲ್ಲ.

ಇನ್‌ಸ್ಪೆಕ್ಟರ್ ದೇವದಾಸ ಬರೆದುಕೊಳ್ಳುತ್ತಲೇ ಕೇಳಿದ, “ಅವರ ಪಾಸ್‌ಪೋರ್ಟು ನಿಮ್ಮ ಹತ್ತಿರ ಏಕಿತ್ತು?”

“ಜೋಪಾನಕ್ಕೆ ಸರ್. ಕೈಗೆ ಕೊಟ್ಟರೆ ಕಳೆದುಕೊಳ್ತಾರೆ. ನಾನೇನೂ ಕಿತ್ತಿಟ್ಟುಕೊಂಡಿಲ್ಲ.”

ಕಿತ್ತಿಟ್ಟುಕೊಂಡಿದ್ದೀರಿ ಎಂದು ಯಾರೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ದೇವದಾಸ ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಸಾಕಷ್ಟು ಕಂಡಿದ್ದ. ಇನ್ನೊಬ್ಬರ ಪಾಸ್‌ಪೋರ್ಟನ್ನು ಹೀಗೆ ಇಟ್ಟುಕೊಳ್ಳುವುದು ಈ ದೇಶದ ಕಾನೂನಿನಲ್ಲಿ ಅಪರಾಧ. ಇಟ್ಟುಕೊಳ್ಳುವವರಿಗೂ ಅದು ಗೊತ್ತು. ಆದರೆ ತಾನೇ ಠಾಣೆಗೆ ಬಂದು, ಬಾಯಿಬಿಟ್ಟು ಹೇಳಿ, ಕೆಳಗೆ ಸಹಿಯನ್ನೂ ಹಾಕಿದ ಮಹಾನುಭಾವ ಇವನೇ ಮೊದಲು. ದೇವದಾಸ ಆ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡ.

ಯಾರ ಮೇಲೆ ಅನುಮಾನ ಎಂದಾಗ ಗೋಪಿನಾಥ ತಡಮಾಡದೆ ದಿಲ್‌ಮಾಯಾ ಎಂಬ ನೇಪಾಳಿ ಹೆಂಗಸಿನ ಹೆಸರು ಹೇಳಿದ. ಅವಳ ಕೆಲಸದ ಪರ್ಮಿಟ್ಟು ಈ ತಿಂಗಳ 31ಕ್ಕೆ ಮುಗಿಯುತ್ತದೆ. ಇನ್ನೊಂದು ವರ್ಷ ಮುಂದುವರಿಸಲು ಅರ್ಜಿ ಹಾಕೋಣವೆಂದೇ ಅವನು ಕಪಾಟು ತೆಗೆದದ್ದು. ಅವಳಾದರೋ ಊರಿಗೆ ಹೋಗುತ್ತೇನೆ, ಪಾಸ್‌ಪೋರ್ಟು ಕೊಡಿ ಎಂದು ಆರು ತಿಂಗಳಿಂದ ಪ್ರಾಣ ತಿನ್ನುತ್ತಿದ್ದಳು. ಪಾಸ್‌ಪೋರ್ಟುಗಳ ನಂಬರು ಕೇಳಿದರೆ ಅದು ಗೋಪಿನಾಥನ ಬಳಿ ಇರಲಿಲ್ಲ. ಅಸಲೇ ಕೈಯಲ್ಲಿರುವಾಗ ನಕಲು ಯಾಕೆ ಎಂದುಕೊಂಡಿದ್ದನಂತೆ. 9.15ಕ್ಕೆ ಎಫ್‌ಐಆರ್ ದಾಖಲಾಯಿತು.

10.05ಕ್ಕೆ ದೇವದಾಸನೂ ಅವನ ಕೈಕೆಳಗಿನ ಕಾರ್ಪೊರಲ್ ರೊಹಾನಾಳೂ ಶಾಲೆ ತಲುಪಿದರು. ದೇವದಾಸ ಚಿಕ್ಕವನಿದ್ದಾಗ ಈ ಗುಡ್ಡದ ತುಂಬ ರಬ್ಬರ್ ಮರಗಳಿದ್ದವು. ಅವನ ಅಜ್ಜಿ ಕೊಳ್ಳೇಗಾಲದ ಕಡೆಯಿಂದ ಒಂಬತ್ತನೇ ವಯಸ್ಸಿಗೆ ತಾಯಿಯ ಸೆರಗು ಹಿಡಿದು ಹಡಗು ಹತ್ತಿ ಬಂದವಳು, ಇಂಥದೇ ಒಂದು ಎಸ್ಟೇಟಿನಲ್ಲಿ ರಬ್ಬರ್ ಹಾಲು ಇಳಿಸಿ ಮುದುಕಿಯಾದಳು. ಈಗ ಮರಗಳ ಜಾಗದಲ್ಲಿ ಕುದುರೆ ಸವಾರಿಯ ಮೈದಾನವಿತ್ತು. ಮಕ್ಕಳನ್ನು ಇಳಿಸಿಹೋಗುವ ಕಾರುಗಳಲ್ಲಿ ಒಂದೊಂದೂ ಠಾಣೆಯ ಜೀಪಿನ ಎರಡರಷ್ಟು ಉದ್ದವಿತ್ತು.

ಕಪಾಟಿನ ಬೀಗ ಮುರಿದಿರಲಿಲ್ಲ. ಯಾರೋ ಕೀಲಿ ಹಾಕಿ ತೆಗೆದು, ಮತ್ತೆ ಹಾಕಿ ಹೋಗಿದ್ದರು. ಕೀಲಿ ಇರುತ್ತಿದ್ದುದು ಆಫೀಸಿನ ಮ್ಯಾನೇಜರಳ ಮೇಜಿನ ಎರಡನೇ ಡ್ರಾಯರಿನಲ್ಲಿ, ಆ ಡ್ರಾಯರಿಗೆ ಬೀಗವೇ ಇಲ್ಲ. ಶುಕ್ರವಾರ ಮಧ್ಯಾಹ್ನ ಪಾಸ್‌ಪೋರ್ಟುಗಳನ್ನು ತಾನು ಕಣ್ಣಾರೆ ಕಂಡಿದ್ದೆ ಎಂದು ಮ್ಯಾನೇಜರು ಹೇಳಿದಳು. ಬೆರಳಚ್ಚಿನವರು ಬಂದು ನೋಡಿದರು. ಕಪಾಟಿನ ಮೇಲೆ ಅರ್ಧ ಶಾಲೆಯ ಬೆರಳಚ್ಚುಗಳಿದ್ದವು.

ಗೇಟಿನ ಕಾವಲುಗಾರನ ವಿಚಾರಣೆ 11.30ಕ್ಕೆ.

“ಹೊರಗೆ ಹೋಗುವವರ ಚೀಲ ನೋಡ್ತೀಯಾ?”

“ಕೆಲಸದವರದ್ದು ದಿನಾ ನೋಡ್ತೀನಿ ಸರ್. ಟಿಫಿನ್ ಡಬ್ಬಿಯನ್ನೂ ತೆಗೆಸ್ತೀನಿ.”

“ಟೀಚರುಗಳದ್ದು?”

ಅವನು ನಕ್ಕುಬಿಟ್ಟ. ಟೀಚರುಗಳ ಚೀಲ ಯಾರಾದರೂ ನೋಡುತ್ತಾರೆಯೇ?

ದೇವದಾಸನಿಗೆ ಅಷ್ಟು ಸಾಕಿತ್ತು. ಟಿಫಿನ್ ಡಬ್ಬಿ ತೆಗೆಸುವ ಗೇಟಿನಲ್ಲಿ ಹತ್ತೊಂಬತ್ತು ಪಾಸ್‌ಪೋರ್ಟುಗಳನ್ನು ಕೆಲಸದವರು ದಾಟಿಸಿರಲಾರರು. ಆದರೂ ವಿಧಿಯಂತೆ ದಿಲ್‌ಮಾಯಾಳನ್ನು ಕೇಳಲೇಬೇಕಲ್ಲ. ಈಜುಕೊಳದ ಕಟ್ಟೆ ಉಜ್ಜುತ್ತಿದ್ದವಳು ಎದ್ದುನಿಂತು, ತಾನು ಕದ್ದಿಲ್ಲ ಎಂದು ಮಲಯ್ ಭಾಷೆಯಲ್ಲಿ ಹೇಳಿದಳು. ಮಗಳಿಗೆ ನಾಲ್ಕು ವರ್ಷವಿದ್ದಾಗ ಬಿಟ್ಟು ಬಂದದ್ದು, ಈಗವಳಿಗೆ ಹನ್ನೆರಡು. ಫೋನಿನಲ್ಲಿ ಮಗಳು ಇತ್ತೀಚೆಗೆ ಮಾತಾಡುವುದೇ ಅಪರೂಪ, ಆಡಿದರೆ ಆಂಟಿ ಎಂದು ಕರೆಯುತ್ತಾಳೆ. “ಊರಿಗೆ ಹೋಗಬೇಕು ಸರ್. ಅಷ್ಟೇ,” ಎಂದಳು.

ಶನಿವಾರ, ಭಾನುವಾರ ಆಫೀಸು ತೆರೆದಿರಲಿಲ್ಲ. ಸಿಸಿಟಿವಿಯಲ್ಲಿ ಶುಕ್ರವಾರ ಸಂಜೆ ಮೂರರಿಂದ ಆರರವರೆಗೆ ಆಫೀಸಿಗೆ ಹೋಗಿ ಬಂದವರು ಎಂಟು ಜನ. ಎಂಟೂ ಜನರನ್ನು ಒಬ್ಬೊಬ್ಬರಾಗಿ ಕರೆಸಿದ. ಐದನೆಯವಳು ನಾಲ್ಕನೇ ತರಗತಿಯ ಟೀಚರ್ ಜೂಲಿ ಕ್ರಾಸ್ತಾ, ವಯಸ್ಸು ನಲವತ್ತೊಂಬತ್ತು, ಊರು ಮಂಗಳೂರಿನ ಹತ್ತಿರ. 4.12ಕ್ಕೆ ಕಂದು ಹೊದಿಕೆಯ ನೋಟ್‌ಬುಕ್ಕುಗಳ ದೊಡ್ಡ ಕಟ್ಟು ಎತ್ತಿಕೊಂಡು ಒಳಗೆ ಹೋಗಿ 4.20ಕ್ಕೆ ಹೊರಗೆ ಬಂದಿದ್ದಳು. ಫೋಟೋಕಾಪಿಗೆ ಹೋಗಿದ್ದೆ ಎಂದಳು.

ಅವಳು ಹೊರಡುವಾಗ ದೇವದಾಸ ಕನ್ನಡದಲ್ಲಿ, “ನಂಗೂ ಒಸಿ ಕನ್ನಡ ಬತ್ತದೆ ಮಿಸ್. ನಮ್ಮಜ್ಜಿ ಆಡ್ತಿದ್ರು,” ಎಂದ.

ಜೂಲಿ ಬಾಗಿಲಲ್ಲೇ ನಿಂತಳು. “ದೇವರೇ! ಹನ್ನೊಂದು ವರ್ಷ ಆಯ್ತು ಸರ್ ನಾನು ಬಂದು. ಪೊಲೀಸರ ಬಾಯಲ್ಲಿ ಕನ್ನಡ ಕೇಳ್ತೇನೆ ಅಂತ ಎಣಿಸಿರ್ಲಿಲ್ಲ,” ಎಂದವಳ ಕಣ್ಣು ತುಂಬಿಬಂತು. ಎರಡು ಮಾತಿಗೆ ಇಷ್ಟೊಂದು ಕಣ್ಣೀರೇ ಎಂದು ದೇವದಾಸನಿಗೆ ಮುಜುಗರವಾಯಿತು. ಅಜ್ಜಿ ಹೋದ ಮೇಲೆ ಆ ಭಾಷೆಯಲ್ಲಿ ಅವನೊಂದಿಗೆ ಯಾರೂ ಮಾತಾಡಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಮಾತಾಡಿಸಬೇಕೆಂದು ಅವನಿಗೆ ತುಂಬಾ ಆಸೆಯಾಗಿತ್ತು, ಆದರೆ ಆರನೆಯವರು ಕಾಯುತ್ತಿದ್ದರು.

ಮಂಗಳವಾರ, ಬುಧವಾರ ಎರಡು ದಿನವೂ ಕೈಗೆ ಏನೂ ಹತ್ತಲಿಲ್ಲ. ಗೋಪಿನಾಥ ದಿನಕ್ಕೆ ಮೂರು ಸಲ ಫೋನ್ ಮಾಡಿ, ಕೆಲಸದವರ ವಸತಿಯನ್ನು ಜಾಲಾಡಿ ಎಂದು ಪೀಡಿಸಿದ. ಅವನ ಕಾಟ ತಾಳಲಾರದೆ ಜುಲೈ 17, ಗುರುವಾರ ಬೆಳಿಗ್ಗೆ 9.50ಕ್ಕೆ ಪೊಲೀಸರು ಅಲ್ಲಿಗೆ ಹೋದರು. ಟೈರ್ ಅಂಗಡಿಯ ಮೇಲಿನ ಮಹಡಿಯ ಎರಡು ಕೋಣೆಗಳಲ್ಲಿ ಹತ್ತೊಂಬತ್ತು ಜನರ ವಾಸ. ಒಂದು ಕೋಣೆ ಗಂಡಸರಿಗೆ, ಒಂದು ಹೆಂಗಸರಿಗೆ. ಗೋಪಿನಾಥ ಎಲ್ಲರನ್ನೂ ಕೆಲಸದಿಂದ ಕರೆಸಿ ಸಾಲಾಗಿ ನಿಲ್ಲಿಸಿದ್ದ. ಎಣಿಸಿದರೆ ಹದಿನೆಂಟು. ದಿಲ್‌ಮಾಯಾ ಹೊಟ್ಟೆನೋವೆಂದು ಕ್ಲಿನಿಕ್ಕಿಗೆ ಹೋಗಿದ್ದಾಳೆ ಎಂದು ಒಬ್ಬಾಕೆ ಹೇಳಿದಳು. ಅವಳ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು.

ಹಾಸಿಗೆ ಕೊಡವಿ, ಅಕ್ಕಿ ಡಬ್ಬಿಗೆ ಕೈಹಾಕಿ, ಫ್ಯಾನಿನ ಮೇಲೂ ನೋಡಿ ರೊಹಾನಾ ಸುಸ್ತಾದಳು. ಪ್ರತಿ ಮಂಚದ ತಲೆದೆಸೆಯ ಹಲಗೆಯ ಮೇಲೆ ಒಂದು ಇಂಗ್ಲಿಷ್ ನೋಟ್‌ಬುಕ್ಕು, ಅದರ ಮೇಲೆ ಅಂಗೈಯಗಲದ ಇನ್ನೊಂದು ಪುಸ್ತಕ. ಭಾನುವಾರ ಭಾನುವಾರ ಶಾಲೆಯ ಒಬ್ಬ ಟೀಚರ್ ಬಂದು ಇಂಗ್ಲಿಷ್ ಹೇಳಿಕೊಡುತ್ತಾರೆ ಎಂದು ಗೋಪಿನಾಥನೇ ವಿವರಿಸಿದ. ತನ್ನ ಕೆಲಸದವರು ಓದುವುದನ್ನು ಕಂಡರೆ ತನಗೂ ಸಂತೋಷ ಎಂದ. ವಾರಕ್ಕೊಮ್ಮೆ ಅವನ ಮೇಸ್ತ್ರಿ ಎಲ್ಲರ ಹಲಗೆ ತಡಕುತ್ತಿದ್ದ, ಪುಸ್ತಕಗಳನ್ನು ಮಾತ್ರ ಅವನು ಮುಟ್ಟುತ್ತಿರಲಿಲ್ಲ.

ದೇವದಾಸ ಒಂದು ಸಣ್ಣ ಪುಸ್ತಕವನ್ನು ಕೈಗೆತ್ತಿಕೊಂಡ. ಕಂದು ಕಾಗದದ ಹೊದಿಕೆ. ಮೂಲೆಗಳನ್ನು ತ್ರಿಕೋನವಾಗಿ ಮಡಿಸಿ, ಒಳಕ್ಕೆ ಸೇರಿಸಿ, ಉಗುರಿನಿಂದ ತೀಡಿ ನೀಟು ಮಾಡಿದ್ದರು. ಮೇಲೊಂದು ಬಿಳಿ ಲೇಬಲ್ಲು: ಹೆಸರು, ವಿಷಯ ‘ನ್ಯೂ ವರ್ಡ್ಸ್’. ದುಂಡು ಅಕ್ಷರ. ರೊಹಾನಾಳನ್ನು ಕರೆದು, ನಿನ್ನ ಮಕ್ಕಳ ಪುಸ್ತಕಕ್ಕೆ ಏನು ಹಾಕುತ್ತೀಯ ಎಂದು ಕೇಳಿದ. ಪ್ಲಾಸ್ಟಿಕ್ಕು ಎಂದಳು. ಅವನ ಮಕ್ಕಳದ್ದಕ್ಕೂ ಪ್ಲಾಸ್ಟಿಕ್ಕೇ. ಈ ಊರಿನಲ್ಲಿ ಇಂಥ ಕಂದು ಹೊದಿಕೆಯನ್ನು ಅವನು ನೋಡಿದ್ದು ಒಂದೇ ಕಡೆ: ಸಿಸಿಟಿವಿಯಲ್ಲಿ, 4.12ಕ್ಕೆ, ಜೂಲಿ ಕ್ರಾಸ್ತಾಳ ತೋಳಿನಲ್ಲಿ.

ಹೊದಿಕೆ ಬಿಚ್ಚಿದ. ಒಳಗೆ ಬಾಂಗ್ಲಾದೇಶದ ಹಸಿರು ಪಾಸ್‌ಪೋರ್ಟು.

ಹದಿನೆಂಟು ಹಲಗೆಗಳಿಂದ ಹದಿನೆಂಟು ಸಿಕ್ಕವು. ಹತ್ತೊಂಬತ್ತನೆಯ ಹಲಗೆಯ ಮೇಲೆ ಏನೂ ಇರಲಿಲ್ಲ. ಸಾಲಿನಲ್ಲಿ ನಿಂತಿದ್ದವರಲ್ಲಿ ಒಬ್ಬ ಮುದುಕ ಮುಖ ಮುಚ್ಚಿಕೊಂಡು ಅಳತೊಡಗಿದ. ಟೀಚರಿನ ಹೆಸರನ್ನು ಮಾತ್ರ ಹದಿನೆಂಟರಲ್ಲಿ ಒಬ್ಬರೂ ಹೇಳಲಿಲ್ಲ. ಗೋಪಿನಾಥ ಪಾಸ್‌ಪೋರ್ಟುಗಳತ್ತ ಕೈಚಾಚಿದಾಗ, ಇವು ಈಗ ಪೊಲೀಸ್ ವಶದಲ್ಲಿವೆ ಎಂದು ರೊಹಾನಾ ಚೀಲದ ಬಾಯಿ ಕಟ್ಟಿದಳು.

ಶಾಲೆ ತಲುಪಿದಾಗ 12.35. ನಾಲ್ಕನೇ ತರಗತಿಯ ಕಂದು ಪುಸ್ತಕಗಳ ವಿಷಯ ಕೇಳಿದ ಕೂಡಲೇ ಉಪ ಪ್ರಾಂಶುಪಾಲರು ನಕ್ಕರು. ಜೂಲಿ ಮಿಸ್ಸಿನ ಹುಚ್ಚು ಅದು ಎಂದರು. ಟರ್ಮ್ ಶುರುವಾಗುವಾಗ ಪ್ರತಿ ಪುಸ್ತಕಕ್ಕೂ ಕಂದು ಕಾಗದದ ಬೈಂಡು ಹಾಕಿರಲೇಬೇಕು, ಮಕ್ಕಳೇ ಹಾಕಬೇಕು. ಶ್ರೀಮಂತರ ಮಕ್ಕಳು ಡ್ರೈವರುಗಳಿಗೆ ಕೊಟ್ಟುಬಿಡುತ್ತಾರೆ. ಪಾರ್ಕಿಂಗಿನಲ್ಲಿ ಕಾರಿನ ಬಾನೆಟ್ಟಿನ ಮೇಲೆ ಡ್ರೈವರುಗಳು ಕೂತು ಬೈಂಡು ಹಾಕುವುದು ಪ್ರತಿ ವರ್ಷದ ತಮಾಷೆ.

ತರಗತಿಯ ಕಿಟಕಿಯಲ್ಲಿ ಪೊಲೀಸರನ್ನು ಕಂಡ ಜೂಲಿ, ಪಾಠ ಮುಗಿಸಿ ಬರಲೇ ಎಂದು ಕೈಸನ್ನೆಯಲ್ಲೇ ಕೇಳಿದಳು. ಒಂದು ಗಂಟೆಗೆ ಖಾಲಿ ಸ್ಟಾಫ್ ರೂಮಿಗೆ ಬಂದು ಕೂತಳು. ಮೇಜಿನ ಮೇಲೆ ರೊಹಾನಾ ಹದಿನೆಂಟನ್ನೂ ಜೋಡಿಸಿದ್ದಳು. ಜೂಲಿ ಅವನ್ನು ನೋಡಿ, ತುದಿಯ ಒಂದರ ಎದ್ದ ಮಡಿಕೆಯನ್ನು ಬೆರಳಿನಿಂದ ಒತ್ತಿ ಸರಿಮಾಡಿದಳು. ವಿಚಾರಣೆ ಅಲ್ಲಿಗೇ ಮುಗಿದಂತಾಯಿತು.

“ನೀವೇ ತಕ್ಕೊಂಡದ್ದಾ ಮಿಸ್?”

“ಹೌದು ಸರ್. ಸುಳ್ಳು ಹೇಳೂದಿಲ್ಲ ನಾನು.”

“ಇನ್ನೊಂದು ಎಲ್ಲದೆ?”

ಜೂಲಿ ಗೋಡೆಯ ಗಡಿಯಾರ ನೋಡಿದಳು. “ಅದೊಂದನ್ನು ಮೂರೂಕಾಲಿಗೆ ಕೇಳಿ. ಆವಾಗ ಹೇಳ್ತೇನೆ.”

ಕನ್ನಡ ಬಾರದ ರೊಹಾನಾಳಿಗೂ ಅವಳು ಗಡಿಯಾರ ನೋಡಿದ್ದು ಅರ್ಥವಾಯಿತು. ಫೋನಿನಲ್ಲಿ ಹುಡುಕಿ, ಕಾಠ್ಮಂಡುವಿಗೆ 3.10ಕ್ಕೊಂದು ವಿಮಾನವಿದೆ ಎಂದಳು. ವಿಮಾನ ನಿಲ್ದಾಣ ಇಪ್ಪತ್ತೈದು ನಿಮಿಷದ ದಾರಿ. ಇಮಿಗ್ರೇಷನ್ನಿಗೆ ಹೆಸರು ಹೇಳಿ ಒಂದು ಫೋನ್ ಮಾಡಿದರೆ ಸಾಕು, ಹತ್ತೊಂಬತ್ತನೆಯ ಪಾಸ್‌ಪೋರ್ಟೂ ಕೈಗೆ ಬರುತ್ತದೆ. ಮಾಡಲೇ ಎಂದು ಕೇಳಿದಳು.

ದೇವದಾಸ ಲೆಕ್ಕ ಹಾಕಿದ. ಫೋನ್ ಮಾಡಿದರೆ ದಿಲ್‌ಮಾಯಾ ಸಾಕ್ಷಿಯಾಗಿ ಇಲ್ಲೇ ಉಳಿಯಬೇಕು, ಪಾಸ್‌ಪೋರ್ಟು ಪುರಾವೆಯಾಗಿ ಠಾಣೆಯ ಕೋಣೆ ಸೇರಬೇಕು. 31ರಂದು ಪರ್ಮಿಟ್ಟು ಮುಗಿದರೆ ಅವಳು ಈ ದೇಶದಲ್ಲಿ ಅಪರಾಧಿ, ಮುಂದುವರಿದರೆ ಮತ್ತೆ ಗೋಪಿನಾಥನ ಕೆಲಸಗಾರ್ತಿ. ಅಷ್ಟಕ್ಕೂ ತನ್ನ ಪಾಸ್‌ಪೋರ್ಟನ್ನು ತಾನೇ ಹಿಡಿದು ತನ್ನ ಊರಿಗೆ ಹೋಗುವುದು ಯಾವ ಕಲಮಿನಡಿ ಕಳ್ಳತನ? ಅವನಿಗೆ ಅಜ್ಜಿಯ ನೆನಪು ಬಂತು. ಯಾವ ಕಾಗದವೂ ಇಲ್ಲದೆ ಎಪ್ಪತ್ತು ವರ್ಷ ಕಳೆದ ಅಜ್ಜಿ, ಸಾಯುವ ವಾರ ಕೂಡ ಕಾವೇರಿಯ ನೀರು ಎಷ್ಟು ತಣ್ಣಗಿರುತ್ತದೆ ಎಂದು ಅವನಿಗೆ ಹೇಳುತ್ತಿದ್ದಳು.

“ಮೊದಲು ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಬರಿ,” ಎಂದ. “ಯಾವುದು ಇದೆ ಅಂತ ಪೂರ್ತಿ ಬರೆಯದೆ ಯಾವುದು ಇಲ್ಲ ಅಂತ ಹೇಗೆ ಹೇಳುವುದು? ಹದಿನೆಂಟಕ್ಕೂ ಹೆಸರು, ನಂಬರು, ಪ್ರತಿ ಪುಟದ ಮುದ್ರೆ. ಹೊದಿಕೆಯ ಅಳತೆ. ಲೇಬಲ್ಲಿನ ಬರಹ. ಒಂದೂ ಬಿಡಬಾರದು.”

ನಮ್ಮ ಕಡೆ ಪಂಚನಾಮೆ ಎಂದು ಕರೆಯುವ ಕೆಲಸ ಅದು, ಅವಸರ ಮಾಡಿದರೆ ಅರ್ಧ ಗಂಟೆಯದು. ರೊಹಾನಾ ತನ್ನ ಅಧಿಕಾರಿಯ ಮುಖ ನೋಡಿದಳು, ಫೋನನ್ನು ಜೇಬಿಗಿಳಿಸಿದಳು, ಸ್ಕೇಲು ಕೇಳಿ ಪಡೆದಳು. ಪಟ್ಟಿ ಶುರುವಾದದ್ದು 1.20ಕ್ಕೆ. ಅವಳ ಅಕ್ಷರ ಅಷ್ಟು ಮುದ್ದಾಗಿ ಬಂದದ್ದು ಸರ್ವಿಸಿನಲ್ಲೇ ಮೊದಲು.

ಪಟ್ಟಿ ಬೆಳೆಯುತ್ತಿದ್ದಂತೆ ಜೂಲಿ ತಾನಾಗಿಯೇ ಹೇಳಿದಳು. ಗಂಡ ತೀರಿಕೊಂಡ ಮೇಲೆ, ಎಂಟನೇ ತರಗತಿಯಲ್ಲಿದ್ದ ಮಗಳು ಏಂಜೆಲಾಳನ್ನು ಕಿನ್ನಿಗೋಳಿಯ ತಂಗಿಯ ಮನೆಯಲ್ಲಿ ಬಿಟ್ಟು ಇಲ್ಲಿಗೆ ಬಂದಿದ್ದಳು. ಇಂಗ್ಲೆಂಡಿನಿಂದ, ಆಸ್ಟ್ರೇಲಿಯಾದಿಂದ ಬಂದ ಟೀಚರುಗಳ ಮಕ್ಕಳಿಗೆ ಈ ಶಾಲೆಯಲ್ಲಿ ಉಚಿತ ಸೀಟಿದೆ. ಜೂಲಿಯ ಕರಾರು ಬೇರೆ ನಮೂನೆಯದು, ಅದರಲ್ಲಿ ಮಗಳಿಗೆ ಸೀಟಿರಲಿಲ್ಲ. ಹನ್ನೊಂದು ವರ್ಷ ಬೇರೆಯವರ ಮಕ್ಕಳ ಮೂಗು ಒರೆಸಿದಳು. ಈ ವರ್ಷ ಜನವರಿ 4ಕ್ಕೆ ಏಂಜೆಲಾಳ ಮದುವೆ ನಿಗದಿಯಾಗಿತ್ತು.

ಮಂಗಳೂರು ಕಡೆಯ ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರ. ಮದುಮಗಳನ್ನು ಮಣೆಯ ಮೇಲೆ ಕೂರಿಸಿ ತೆಂಗಿನ ಹಾಲು ಹಚ್ಚುತ್ತಾರೆ, ಮೊದಲು ಹಚ್ಚುವವಳು ತಾಯಿ. ವೀಸಾ ನವೀಕರಣಕ್ಕೆಂದು ನವೆಂಬರಿನಲ್ಲಿ ಆಫೀಸಿಗೆ ಕೊಟ್ಟಿದ್ದ ಪಾಸ್‌ಪೋರ್ಟು ಬರಲೇ ಇಲ್ಲ. ದಿನವೂ ಕೇಳಿದಳು, ಇನ್ನೂ ಇಮಿಗ್ರೇಷನ್ನಿನಲ್ಲಿದೆ ಎಂದರು. ತಂಗಿ ವಿಡಿಯೊ ಕಾಲ್ ಹಚ್ಚಿ ಫೋನನ್ನು ಮಣೆಯ ಎದುರು ಹಿಡಿದಳು. ಮಗಳು ಕಣ್ಣುಮುಚ್ಚಿ ಕೂತಿದ್ದಳು, ಹಾಲು ಹಚ್ಚಿದ ಕೈಗಳು ಯಾರು ಯಾರದ್ದೋ. ಜನವರಿ 9ರಂದು, ಕ್ರಿಸ್ಮಸ್ ರಜೆ ಮುಗಿಸಿ ಬಂದ ಮ್ಯಾನೇಜರು ಕಬ್ಬಿಣದ ಕಪಾಟು ತೆಗೆದು ಪಾಸ್‌ಪೋರ್ಟು ಕೊಟ್ಟಳು. ವೀಸಾದ ಮುದ್ರೆಯಲ್ಲಿ ಡಿಸೆಂಬರ್ 12 ಎಂದಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗೆ ಕೊಡಬಾರದೆಂಬ ಮನಸ್ಸೂ ಇರಲಿಲ್ಲ. ಮ್ಯಾನೇಜರು ಮರೆತು ರಜೆಗೆ ಹೋಗಿದ್ದಳು, ಅಷ್ಟೆ.

“ಜಗಳ ಮಾಡುವಾ ಅಂದ್ರೆ ಯಾರೊಟ್ಟಿಗೆ ಮಾಡೂದು ಸರ್? ಸಾರಿ ಅಂದ್ರು, ಚಾಕ್ಲೇಟ್ ಕೊಟ್ರು,” ಎಂದಳು ಜೂಲಿ. “ಆವತ್ತು ನನ್ನ ಪಾಸ್‌ಪೋರ್ಟಿನ ಅಡಿಯಲ್ಲಿ ಇವು ಇದ್ದವು, ರಬ್ಬರ್ ಬ್ಯಾಂಡ್ ಹಾಕಿ. ನಂದು ಇಪ್ಪತ್ತೆಂಟು ದಿನ ಅಲ್ಲಿತ್ತು. ದಿಲ್‌ಮಾಯಾಂದು ಎಂಟು ವರ್ಷ. ಪ್ರಿನ್ಸಿಪಾಲರಿಗೆ ಹೇಳಿದೆ, ಅದು ಕಂಟ್ರಾಕ್ಟರಿನ ವಿಷಯ ಅಂದ್ರು. ಸೋಮವಾರ ಅವಳದ್ದನ್ನು ಪರ್ಮಿಟಿಗೆ ಕೊಡ್ತಾರೆ ಅಂತ ಗೊತ್ತಾದ ಮೇಲೆ ನಂಗೆ ಬೇರೆ ದಾರಿ ಕಾಣ್ಲಿಲ್ಲ.”

ಬೈಂಡು ಯಾಕೆ ಹಾಕಿದಿರಿ ಎಂದು ದೇವದಾಸ ಕೇಳಿದ. ಮೇಸ್ತ್ರಿಯ ಕಣ್ಣಿಗೆ ಬೀಳದಿರಲಿ ಎಂದು, ಮತ್ತೆ ಸೋಪಿನ ನೀರಿನಲ್ಲಿ ಕೆಲಸ ಮಾಡುವವರ ಕೈ, ಒದ್ದೆಯಾಗಬಾರದಲ್ಲ ಎಂದಳು. ಅದೇ ತನ್ನನ್ನು ಹಿಡಿದುಕೊಡುತ್ತದೆ ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಹೊಸ ಪುಸ್ತಕವನ್ನು ಬರಿಮೈಯಲ್ಲಿ ಯಾರ ಕೈಗೂ ಕೊಟ್ಟವಳಲ್ಲ ಅವಳು.

2.50ಕ್ಕೆ ಗೋಪಿನಾಥ ಫೋನ್ ಮಾಡಿದ. ತನಿಖೆ ನಡೆಯುತ್ತಿದೆ ಎಂದು ರೊಹಾನಾ ಉತ್ತರಿಸಿದಳು. ಹದಿನೆಂಟನೆಯ ಪಾಸ್‌ಪೋರ್ಟಿನ ಕೊನೆಯ ಪುಟ ಬರೆದು ಮುಗಿದದ್ದು 3.22ಕ್ಕೆ. ದೇವದಾಸ ಪಟ್ಟಿಯನ್ನು ಮೊದಲಿಂದ ಓದಿ ಸಹಿ ಹಾಕಿದ. ಆಮೇಲೆ ಹತ್ತೊಂಬತ್ತನೆಯದು ಎಲ್ಲಿದೆ ಎಂದು ಕೇಳಿದ.

“ಮೇಲೆ,” ಎಂದಳು ಜೂಲಿ. ಮೊದಲ ಸಲ ನಕ್ಕಳು, ನಗುತ್ತಲೇ ಅತ್ತಳು. ರೊಹಾನಾ ಹೋಗಿ ನೀರು ತಂದುಕೊಟ್ಟಳು.

ಕಟ್ಟಡದೊಳಗಿನ ಕಳ್ಳತನ, ದಂಡ ಸಂಹಿತೆಯ 380ನೇ ಕಲಮು. ಬಂಧನದ ಸಮಯ 3.31. ಕೈಕೋಳ ಹಾಕಲಿಲ್ಲ. ಬಸ್ಸಿಗೆ ಸಾಲು ನಿಂತಿದ್ದ ನಾಲ್ಕನೇ ತರಗತಿಯ ಮಕ್ಕಳು ಬೈ ಮಿಸ್ ಎಂದು ಕೈಬೀಸಿದವು, ಅವಳೂ ಬೀಸಿದಳು. ಸಂಜೆ 5.10ಕ್ಕೆ ಗೋಪಿನಾಥನನ್ನು ಠಾಣೆಗೆ ಕರೆಸಿ, ಸೋಮವಾರ ಅವನೇ ಸಹಿ ಹಾಕಿದ ಹೇಳಿಕೆಯನ್ನು ಅವನಿಗೇ ಓದಿ ಹೇಳಿ, ಪಾಸ್‌ಪೋರ್ಟ್ ಕಾಯಿದೆಯಡಿ ಬಂಧಿಸಲಾಯಿತು. ಜೋಪಾನಕ್ಕೆ ಸರ್, ಜೋಪಾನಕ್ಕೆ ಎಂದು ಲಾಕಪ್ಪಿನ ಬಾಗಿಲವರೆಗೂ ಹೇಳುತ್ತಿದ್ದ. ಹದಿನೆಂಟು ಪಾಸ್‌ಪೋರ್ಟುಗಳ ಫೋಟೊ ತೆಗೆದು, ಮುಚ್ಚಳಿಕೆ ಬರೆಸಿಕೊಂಡು, ಅವರವರ ಕೈಗೇ ಕೊಡಲಾಯಿತು.

ಮರುದಿನ ಬೆಳಿಗ್ಗೆ ಸೆರೆಂಬಾನಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಜೂಲಿಗೆ ಜಾಮೀನು ಸಿಕ್ಕಿತು. ಷರತ್ತು ಒಂದೇ: ಮೊಕದ್ದಮೆ ಮುಗಿಯುವವರೆಗೆ ಅವಳ ಪಾಸ್‌ಪೋರ್ಟು ಕೋರ್ಟಿನ ವಶದಲ್ಲಿರಬೇಕು. ಎಷ್ಟು ದಿನ ಆಗಬಹುದು ಎಂದು ಅವಳು ಕೇಳಿದಳು. ಆರು ತಿಂಗಳು, ಒಂದು ವರ್ಷವೂ ಆಗಬಹುದು ಎಂದ ದೇವದಾಸ.

“ಅಕ್ಟೋಬರಿನಲ್ಲಿ ಏಂಜೆಲಾಳ ಹೆರಿಗೆ,” ಎಂದಳು. “ಬಾಣಂತನಕ್ಕೆ ಬರ್ತೇನೆ ಅಂತ ಹೇಳಿದ್ದೆ.”

ಇದು ಹೀಗಾಗುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತೇ ಎಂದು ದೇವದಾಸನಿಗೆ ಕೇಳಬೇಕೆನಿಸಿತು. ಅವಳ ಮುಖ ನೋಡಿದರೆ ಕೇಳುವ ಅಗತ್ಯ ಕಾಣಲಿಲ್ಲ.

ಜೂಲಿ ಕೈಚೀಲದಿಂದ ಪಾಸ್‌ಪೋರ್ಟು ತೆಗೆದು ಕೌಂಟರಿನ ಮೇಲಿಟ್ಟಳು. ಗುಮಾಸ್ತ ಅದನ್ನೆತ್ತಿ ಹಿಂದಿನ ಕಪಾಟಿನತ್ತ ತಿರುಗಿದಾಗ ಅವಳು ತಡೆದಳು.

“ರಸೀದಿ ಕೊಡ್ಲಿಕ್ಕೆ ಹೇಳಿ ಸರ್. ಹೋದ ಸಲ ನಾನು ಕೇಳಿರ್ಲಿಲ್ಲ.”

ದೇವದಾಸ ಗುಮಾಸ್ತನಿಗೆ ಹೇಳಿದ. ಗುಮಾಸ್ತ ಗೊಣಗುತ್ತ ಪುಸ್ತಕ ಹುಡುಕಿ, ಹೆಸರು, ನಂಬರು, ತಾರೀಖು ಬರೆದು, ಮುದ್ರೆ ಒತ್ತಿ ಹರಿದುಕೊಟ್ಟ. ಜೂಲಿ ಅದನ್ನು ಎರಡು ಸಲ ಓದಿ, ಮಡಿಸಿ, ಚೀಲದ ಒಳ ಜೇಬಿನಲ್ಲಿಟ್ಟುಕೊಂಡು, ಮಗಳಿಗೆ ಫೋನ್ ಮಾಡಲು ಹೊರಗೆ ಹೋದಳು.